ಮೊದಲ ಕದಿರಿನ ರಾತ್ರಿ: ಕೊಡಗಿನ ಪುತ್ತರಿ ಏನು, ಯಾಕೆ, ಹೇಗೆ

ಪ್ರತಿ ವರ್ಷ ಚಳಿ ಶುರುವಾಗುವ ಹೊತ್ತಿಗೆ ಕೊಡಗಿನವರ ಫೋನುಗಳಲ್ಲಿ ಒಂದು ಪುಟ್ಟ ಸಂದೇಶ ಓಡಾಡುತ್ತದೆ. ನೆರೆ (ಎಲೆಗಳ ಕಟ್ಟು) ಕಟ್ಟಲು ಇಷ್ಟು ಗಂಟೆ, ಕದಿರು (ಭತ್ತದ ತೆನೆ) ತೆಗೆಯಲು ಇಷ್ಟು ಗಂಟೆ, ಊಟಕ್ಕೆ ಇಷ್ಟು ಗಂಟೆ. ಇಲ್ಲೇ ಹುಟ್ಟಿ ಬೆಳೆದವರಿಗೆ ಅಷ್ಟು ಸಾಕು, ಸಿದ್ಧತೆ ಶುರು. ಆದರೆ ವರ್ಗವಾಗಿ ಬಂದ ಮೇಷ್ಟ್ರು, ಬ್ಯಾಂಕಿಗೆ ಹೊಸದಾಗಿ ಸೇರಿದವರು, ಮದುವೆಯಾಗಿ ಈ ಕಡೆಗೆ ಬಂದವರು, ಹೋಂಸ್ಟೇಯಲ್ಲಿ ಇಳಿದುಕೊಂಡವರು ತಬ್ಬಿಬ್ಬಾಗುತ್ತಾರೆ. ಹಬ್ಬದ ಪೂಜೆ ರಾತ್ರಿ ಹೊತ್ತು ಯಾಕೆ? ಗದ್ದೆ ಕಡೆಯಿಂದ ಗುಂಡಿನ ಸದ್ದು ಯಾಕೆ? ಕ್ಯಾಲೆಂಡರಿನಲ್ಲಿ ಮೊದಲೇ ದಿನಾಂಕ ಅಚ್ಚಾಗಿದ್ದರೂ ಎಲ್ಲರೂ ಕಕ್ಕಬ್ಬೆ ಅನ್ನುವ ಊರಿನಿಂದ ಸುದ್ದಿ ಬರಲಿ ಅಂತ ಕಾಯುವುದು ಯಾಕೆ?

ಒಂದೊಂದಾಗಿ ನೋಡೋಣ.

## ಇದು ಯಾವ ಹಬ್ಬ

ಕೊಡವ ತಕ್ಕ್‌ನಲ್ಲಿ (ಕೊಡವರ ಭಾಷೆ) ಪುತ್ತರಿ, ಕನ್ನಡದಲ್ಲಿ ಹುತ್ತರಿ. ಎರಡೂ ಒಂದೇ. ಹೊಸ ಅಕ್ಕಿಯ ಹಬ್ಬ. ಕೊಡವರು ಹಬ್ಬಕ್ಕೆ ನಮ್ಮೆ ಅನ್ನುವುದರಿಂದ ಪುತ್ತರಿ ನಮ್ಮೆ ಅಂತಲೂ ಕೇಳುತ್ತೀರಿ. ಕೊಡವರು ಮಾತ್ರ ಆಚರಿಸುವ ಹಬ್ಬ ಅಂದುಕೊಳ್ಳಬೇಡಿ. ಅರೆಭಾಷೆ ಗೌಡರು, ಹೆಗ್ಗಡೆ, ಐರಿ, ಅಮ್ಮ ಕೊಡವ ಮುಂತಾಗಿ ಈ ಮಣ್ಣಿನಲ್ಲಿ ಬೇಸಾಯ ನಂಬಿಕೊಂಡು ಬಂದ ಹಲವು ಸಮುದಾಯಗಳಿಗೆ ಇದು ತಮ್ಮದೇ ಹಬ್ಬ.

ಕೊಡಗು 1956ರ ನವೆಂಬರ್ 1ರ ತನಕ ಪ್ರತ್ಯೇಕ ರಾಜ್ಯವಾಗಿತ್ತು. ಆಮೇಲೆ ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಜಿಲ್ಲೆಯಾದರೂ ನಾಡಹಬ್ಬಗಳು ಉಳಿದವು. ಈಗಲೂ ರಾಜ್ಯ ಸರ್ಕಾರದ ರಜಾಪಟ್ಟಿಯಲ್ಲಿ ಕೊಡಗು ಜಿಲ್ಲೆಗೆ ಮಾತ್ರ ಅನ್ವಯಿಸುವ ಮೂರು ಸ್ಥಳೀಯ ರಜೆಗಳಿವೆ: ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ. ಮೂರಕ್ಕೂ ಗದ್ದೆಗೂ ಬಿಡದ ನಂಟು. ಅದನ್ನು ತಿಳಿದುಕೊಂಡರೆ ಪುತ್ತರಿ ಅರ್ಧ ಅರ್ಥವಾದಂತೆ.

## ಗದ್ದೆಯ ಲೆಕ್ಕ

ಕೊಡಗಿನಲ್ಲಿ ಜೂನ್‌ಗೆ ಮಳೆ ಹಿಡಿಯುತ್ತದೆ. ಬೆಟ್ಟದ ನಡುವಿನ ತಗ್ಗುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳಿಗೆ ನೀರು ನಿಲ್ಲುತ್ತದೆ. ಜುಲೈ, ಆಗಸ್ಟ್‌ನಲ್ಲಿ ನಾಟಿ. ಮಂಡಿ ತನಕ ಕೆಸರು, ಮೈಮೇಲೆ ಬಿಡದ ಮಳೆ, ಕಾಲಿಗೆ ಜಿಗಣೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ 3ರ ಹೊತ್ತಿಗೆ ಕೈಲ್ ಪೊಳ್ದ್, ಅಂದರೆ ಕೈಲ್ ಮುಹೂರ್ತ, ಬರುತ್ತದೆ. ನೇಗಿಲು, ನೊಗ, ಕತ್ತಿ, ಕೋವಿ ಎಲ್ಲ ತೊಳೆದಿಟ್ಟು ಪೂಜೆ ಮಾಡುವ ಹಬ್ಬ ಅದು. ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಂದಿಕರಿ (ಹಂದಿ ಸಾರು) ಊಟ. ದುಡಿದ ಮೈಗೂ ಉಪಕರಣಗಳಿಗೂ ಬಿಡುವು.

ಅಕ್ಟೋಬರ್ 17 ಅಥವಾ 18ಕ್ಕೆ ತುಲಾ ಸಂಕ್ರಮಣ. ತಲಕಾವೇರಿಯಲ್ಲಿ ತೀರ್ಥೋದ್ಭವ. ಮಳೆ ಹಿಂದೆ ಸರಿಯುವ ಕಾಲ, ಭತ್ತ ಹಾಲುಗಟ್ಟುವ ಕಾಲ. ಅಲ್ಲಿಂದ ಸುಮಾರು ಒಂದೂವರೆ ತಿಂಗಳಿಗೆ ತೆನೆ ಬಾಗಿ, ಗದ್ದೆ ಹಳದಿಗೆ ತಿರುಗುತ್ತದೆ. ಆಗ ಪುತ್ತರಿ. ಇಲ್ಲಿ ಭತ್ತ ಹೆಚ್ಚಾಗಿ ವರ್ಷಕ್ಕೆ ಒಂದೇ ಬೆಳೆ. ಈ ಒಂದು ಕೊಯ್ಲು ಕೈಕೊಟ್ಟರೆ ಮುಂದಿನ ವರ್ಷದ ತನಕ ಕಣಜ ಖಾಲಿ. ಕಾಫಿ ಬರುವ ಮೊದಲಂತೂ ಅಕ್ಕಿಯೇ ಎಲ್ಲ.

ಬಯಲುಸೀಮೆಯವರು ಇದನ್ನು ಸಂಕ್ರಾಂತಿಗೆ ಹೋಲಿಸುವುದು ಸಹಜ. ಒಂದು ಮುಖ್ಯ ವ್ಯತ್ಯಾಸ ಇದೆ. ಜನವರಿಯ ಸಂಕ್ರಾಂತಿ ಹೊತ್ತಿಗೆ ಕೊಯ್ಲು ಮುಗಿದು ರಾಶಿ ಆಗಿರುತ್ತದೆ. ಪುತ್ತರಿ ಬರುವುದು ಕೊಯ್ಲಿಗೆ ಮೊದಲು. ಆ ರಾತ್ರಿ ಕುಯ್ಯುವುದು ನಾಲ್ಕಾರು ಕದಿರು ಅಷ್ಟೇ. ಮದುವೆ ಊಟದ ಸಾಲಿನಲ್ಲಿ ಹಿರಿಯರು ಎಲೆಗೆ ಕೈ ಹಾಕುವ ತನಕ ಉಳಿದವರು ತುತ್ತು ಎತ್ತುವುದಿಲ್ಲ ಅಲ್ವಾ, ಹಾಗೇ ಇದು. ಮೊದಲ ಕದಿರು ದೇವರಿಗೆ, ಆಮೇಲೆ ಮನೆಗೆ. ಅದಾದ ಮೇಲೆಯೇ ಗದ್ದೆಗೆ ಕೊಯ್ಲಿನ ಆಳು ಇಳಿಯುವುದು. ಪುತ್ತರಿಯ ಎಲ್ಲ ಕಟ್ಟುಪಾಡುಗಳೂ ಈ ಒಂದು ಸರದಿಯನ್ನು ಕಾಯಲು ಇರುವಂಥವು.

ಇಂಥ ಹಬ್ಬ ಕೊಡಗಿಗೊಂದೇ ಅಲ್ಲ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ತೆನೆ ಕಟ್ಟಿ ಹೊಸ ಅಕ್ಕಿ ಊಟ ಮಾಡುತ್ತಾರೆ. ಮಂಗಳೂರು ಕಡೆಯ ಕ್ರೈಸ್ತರು ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ಹೊಸ ತೆನೆ ಮನೆಗೆ ತರುತ್ತಾರೆ. ಆದರೆ ಇಡೀ ನಾಡು ಒಂದೇ ರಾತ್ರಿ, ಗೊತ್ತಾದ ಗಳಿಗೆಗೆ, ಬೆಳದಿಂಗಳಲ್ಲಿ ಗದ್ದೆಗೆ ಇಳಿಯುವುದು ಕೊಡಗಿನ ವಿಶೇಷ.

## ದಿನ ಗೊತ್ತು ಮಾಡುವುದು ಕಕ್ಕಬ್ಬೆಯಲ್ಲಿ

ನಾಪೋಕ್ಲು ದಾಟಿ ಮುಂದೆ ಹೋದರೆ ಕಕ್ಕಬ್ಬೆ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ (1,748 ಮೀಟರ್) ಇರುವುದು ಈ ಸೀಮೆಯಲ್ಲೇ. ಅಲ್ಲಿನ ಪಾಡಿಯಲ್ಲಿ ಇಗ್ಗುತ್ತಪ್ಪ ದೇವಸ್ಥಾನವಿದೆ. ಇಗ್ಗುತ್ತಪ್ಪ ಮಳೆ ಬೆಳೆಯ ದೇವರು. ಸುಬ್ರಹ್ಮಣ್ಯನ ರೂಪ ಅಂತ ಪೂಜಿಸುತ್ತಾರೆ. ಆರು ಅಣ್ಣತಮ್ಮಂದಿರು ಮತ್ತು ಒಬ್ಬ ತಂಗಿ ಮಲೆಯಾಳ ಸೀಮೆಯಿಂದ ಬಂದರು, ಬೇರೆ ಬೇರೆ ಕಡೆ ನೆಲೆಸಿದರು, ಅವರಲ್ಲಿ ಇಗ್ಗುತ್ತಪ್ಪ ಪಾಡಿಯನ್ನು ಆರಿಸಿಕೊಂಡ ಅನ್ನುವುದು ಇಲ್ಲಿನ ಕಥೆ. ಪಾಲೂರಪ್ಪ ಕೊಡಗಿನಲ್ಲೇ ಇದ್ದಾನೆ. ಪೆಮ್ಮಯ್ಯ ವಯನಾಡಿನ ತಿರುನೆಲ್ಲಿಯಲ್ಲಿ.

ಪುತ್ತರಿಯ ದಿನವನ್ನೂ ಗಳಿಗೆಯನ್ನೂ ಗೊತ್ತು ಮಾಡುವುದು ಈ ದೇವಸ್ಥಾನದಲ್ಲಿ. ದೇವತಕ್ಕರು (ದೇವಸ್ಥಾನದ ಮುಖ್ಯಸ್ಥರು), ಊರಿನ ಹಿರಿಯರು ಸೇರುತ್ತಾರೆ. ಅಮ್ಮಂಗೇರಿ ಮನೆತನದ ಜ್ಯೋತಿಷಿಗಳು ಲೆಕ್ಕ ಹಾಕಿ ಹೇಳುತ್ತಾರೆ. ಮೊದಲು ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಕದಿರು ತೆಗೆಯುವ ಹೊತ್ತು, ಅದಾಗಿ ಸ್ವಲ್ಪ ಹೊತ್ತಿಗೆ ನಾಡಿನವರ ಹೊತ್ತು. ಮೊದಲು ದೇವರು ಅನ್ನುವ ಸರದಿ ಇಲ್ಲಿಂದಲೇ ಶುರು. ಎಲ್ಲರ ಫೋನಿಗೆ ಬರುವ ಸಂದೇಶದ ಮೂಲ ಇದೇ.

ಹಾಗಾದರೆ ಲೆಕ್ಕ ಹೇಗೆ? ಕೊಡಗಿನ ತಿಂಗಳುಗಳು ಸೌರಮಾನದವು. ನವೆಂಬರ್ ನಡುವಿನಿಂದ ಡಿಸೆಂಬರ್ ನಡುವಿನ ತನಕ ವೃಶ್ಚಿಕ ಮಾಸ, ಕೊಡವ ತಕ್ಕ್‌ನಲ್ಲಿ ಬಿರ್ಚ್ಯಾರ್. ಆ ತಿಂಗಳ ಹುಣ್ಣಿಮೆ, ಜೊತೆಗೆ ರೋಹಿಣಿ ನಕ್ಷತ್ರ, ಇವೆರಡನ್ನು ನೋಡುತ್ತಾರೆ. ಇವೆರಡೂ ಕೂಡಿ ಬರುವುದು ಕಾಕತಾಳೀಯವೇನಲ್ಲ. ಹುಣ್ಣಿಮೆ ಅಂದರೆ ಭೂಮಿಯ ಒಂದು ಕಡೆ ಸೂರ್ಯ, ಸರಿಯಾಗಿ ಎದುರು ಕಡೆ ಚಂದ್ರ. ಸೂರ್ಯ ವೃಶ್ಚಿಕ ರಾಶಿಯಲ್ಲಿದ್ದಾಗ ಎದುರಿನ ರಾಶಿ ವೃಷಭ. ರೋಹಿಣಿ ಇರುವುದು ವೃಷಭದಲ್ಲಿ. ಹಾಗಾಗಿ ಈ ತಿಂಗಳ ಹುಣ್ಣಿಮೆಯ ಆಸುಪಾಸಿನಲ್ಲಿ ಚಂದ್ರ ರೋಹಿಣಿಯನ್ನು ಹಾದು ಹೋಗಲೇಬೇಕು.

ದಿನಾಂಕ ವರ್ಷ ವರ್ಷ ಹಿಂದೆ ಮುಂದೆ ಆಗುವುದಕ್ಕೂ ಇದರಲ್ಲೇ ಉತ್ತರ ಇದೆ. 2023ರಲ್ಲಿ ಪುತ್ತರಿ ನವೆಂಬರ್ 27ಕ್ಕೆ ಬಂತು. 2024ರಲ್ಲಿ ಡಿಸೆಂಬರ್ 14ಕ್ಕೆ ಹೋಯಿತು. ಹನ್ನೆರಡು ಚಾಂದ್ರಮಾನ ತಿಂಗಳು ಅಂದರೆ ಸುಮಾರು 354 ದಿನ. ಸೌರ ವರ್ಷಕ್ಕಿಂತ 11 ದಿನ ಕಡಿಮೆ. ಆ ಲೆಕ್ಕದಲ್ಲಿ 2024ರ ಹುಣ್ಣಿಮೆ ನವೆಂಬರ್ 15ಕ್ಕೇ ಬಂದಿತ್ತು. ಆದರೆ ಅಂದಿಗೆ ವೃಶ್ಚಿಕ ಮಾಸ ಹುಟ್ಟಿರಲಿಲ್ಲ, ಚಂದ್ರ ರೋಹಿಣಿಗೂ ಬಂದಿರಲಿಲ್ಲ. ಹಾಗಾಗಿ ಹಬ್ಬ ಮುಂದಿನ ಹುಣ್ಣಿಮೆಯ ಹೊತ್ತಿಗೆ ಬಿತ್ತು. ಚಂದ್ರ ಪೂರ್ತಿ ತುಂಬಿದ್ದು ಮಾರನೇ ದಿನ, ಆದರೆ ಡಿಸೆಂಬರ್ 14ರ ರಾತ್ರಿ ಅವನು ರೋಹಿಣಿಯಲ್ಲಿದ್ದ. ಮಾರನೇ ವರ್ಷ ಮತ್ತೆ ಹಿಂದೆ ಸರಿದು 2025ರ ಡಿಸೆಂಬರ್ 4.

ಹುಣ್ಣಿಮೆಯನ್ನೇ ಆರಿಸಿಕೊಂಡಿದ್ದರ ಅನುಕೂಲ ಗದ್ದೆಬದಿಯಲ್ಲಿ ಒಮ್ಮೆ ನಿಂತರೆ ಗೊತ್ತಾಗುತ್ತದೆ. ಕರೆಂಟು, ಟಾರ್ಚು ಏನೂ ಇಲ್ಲದ ಕಾಲ. ಹೆಂಗಸರು, ಮಕ್ಕಳು, ಮುದುಕರು ಸಮೇತ ಇಡೀ ಮನೆ ಕಿರಿದಾದ ಬದುವಿನ ಮೇಲೆ ರಾತ್ರಿ ನಡೆದು ಹೋಗಬೇಕು. ಆಕಾಶದಲ್ಲಿ ತುಂಬು ಚಂದ್ರ ಇದ್ದರೆ ದಾರಿ ಕಾಣುತ್ತದೆ.

## ಎಲ್ಲರೂ ಐನ್‌ಮನೆಗೆ ಹೋಗುವುದು ಯಾಕೆ

ಪುತ್ತರಿ ದಿನ ಮಧ್ಯಾಹ್ನದಿಂದ ಬೆಂಗಳೂರು, ಮೈಸೂರಿನ ಕಾರುಗಳು ಕೊಡಗಿನ ಒಳದಾರಿಗಳಲ್ಲಿ ತುಂಬಿಕೊಳ್ಳುತ್ತವೆ. ಎಲ್ಲವೂ ಹೋಗುವುದು ಯಾವುದೋ ಒಂದು ಹಳೇ ಮನೆಗೆ. ಅದೇ ಐನ್‌ಮನೆ.

ಇಲ್ಲಿ ಒಕ್ಕ ಅನ್ನುವುದನ್ನು ತಿಳಿದುಕೊಳ್ಳಬೇಕು. ಒಬ್ಬ ಮೂಲಪುರುಷನಿಂದ ಬಂದ, ಒಂದೇ ಮನೆಹೆಸರು ಹೊತ್ತ ಎಲ್ಲರೂ ಸೇರಿ ಒಂದು ಒಕ್ಕ. ಆ ಒಕ್ಕದ ಮೂಲಮನೆ ಐನ್‌ಮನೆ. ಹಿಂದೆ ಜಮ್ಮಾ ಭೂಮಿ, ಅಂದರೆ ತಲೆಮಾರಿನಿಂದ ಬಂದ ಭೂಮಿ, ಒಕ್ಕಕ್ಕೆ ಸೇರಿದ್ದಾಗಿತ್ತು. ಒಬ್ಬೊಬ್ಬರ ಹೆಸರಿಗೆ ಹರಿದು ಹಂಚಿ ಹೋಗಿರಲಿಲ್ಲ. ಗದ್ದೆ ಎಲ್ಲರದು, ಬೆಳೆ ಎಲ್ಲರದು, ಹಾಗಾಗಿ ಮೊದಲ ಕದಿರೂ ಎಲ್ಲರದು. ಅದನ್ನು ತೆಗೆಯುವಾಗ ಎಲ್ಲರೂ ಇರಬೇಕು. ಈಗ ಪಾಲುಪಟ್ಟಿ ಆಗಿ ಎಲ್ಲರಿಗೂ ಬೇರೆ ಬೇರೆ ಮನೆ ಇದೆ. ಆದರೂ ಈ ರಾತ್ರಿಗೆ ಮಾತ್ರ ಮೂಲಮನೆಗೇ ಹೋಗುವುದು. ಒಕ್ಕದ ಹಿರಿಯನನ್ನು ಕೊರವುಕಾರ ಅನ್ನುತ್ತಾರೆ. ಆ ದಿನ ಅವರ ಮಾತೇ ಮಾತು.

## ಆ ರಾತ್ರಿ ನಡೆಯುವುದು

ಸಂಜೆ ಎಲ್ಲರೂ ಮಿಂದು ಬಟ್ಟೆ ಬದಲಿಸುತ್ತಾರೆ. ಗಂಡಸರು ಕುಪ್ಯ (ಉದ್ದನೆಯ ಅಂಗಿ) ತೊಟ್ಟು, ಕೆಂಪು ಚೇಲೆ (ನಡುಪಟ್ಟಿ) ಸುತ್ತಿ, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಳ್ಳುತ್ತಾರೆ. ಹೆಂಗಸರು ನೆರಿಗೆ ಹಿಂದೆ ಬರುವ ಹಾಗೆ ಸೀರೆ ಉಡುತ್ತಾರೆ. ಐನ್‌ಮನೆಯ ನಡುಕೋಣೆಗೆ ನೆಲ್ಲಕ್ಕಿ ನಡುಬಾಡೆ ಅನ್ನುತ್ತಾರೆ. ಅಲ್ಲಿ ತೂಗುವ ದೀಪ ಹಚ್ಚುವುದರೊಂದಿಗೆ ಪುತ್ತರಿ ಶುರು.

ಮೊದಲ ಕೆಲಸ ನೆರೆ ಕಟ್ಟುವುದು. ಅರಳಿ, ಮಾವು ಸೇರಿ ಐದು ಬಗೆಯ ಮರದ ಎಲೆಗಳನ್ನು ಹಗಲೇ ತಂದಿಟ್ಟಿರುತ್ತಾರೆ. ನಡುಬಾಡೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂರುತ್ತಾರೆ. ಒಂದೊಂದು ಬಗೆಯ ಎಲೆ ಒಂದರ ಮೇಲೊಂದು ಇಟ್ಟು, ಮಡಚಿ, ನಾರಿನಿಂದ ಕಟ್ಟಿದರೆ ಒಂದು ನೆರೆ. ಅಂಥವು ತುಂಬ ಬೇಕು, ಯಾಕೆಂದರೆ ಆಮೇಲೆ ಕದಿರಿನ ಜೊತೆ ಮನೆಯ ಎಲ್ಲ ಕಡೆಗೂ ಕಟ್ಟಬೇಕು. ನನಗೆ ಈ ರಾತ್ರಿಯ ಅತಿ ಚೆಂದದ ಹೊತ್ತು ಇದೇ. ದೊಡ್ಡವರ ಬೆರಳು ನೋಡಿಕೊಂಡು ಮಕ್ಕಳು ಎಲೆ ಜೋಡಿಸುತ್ತವೆ. ಗಂಟು ಸಡಿಲವಾದರೆ ಅಜ್ಜಿ ಬಿಚ್ಚಿ ಮತ್ತೆ ಕಟ್ಟಿಸುತ್ತಾಳೆ. ವರ್ಷಕ್ಕೊಮ್ಮೆ ಮಾತ್ರ ಸೇರುವ ದಾಯಾದಿಗಳು ಮಂಡಿಗೆ ಮಂಡಿ ತಾಗಿಸಿ ಕೂತಿರುತ್ತಾರೆ. ಹಳೇ ಮುನಿಸು ಇದ್ದವರೂ ಎಲೆ ಕೊಡು, ನಾರು ಕೊಡು ಅಂತ ಮಾತಾಡಲೇಬೇಕಾಗುತ್ತದೆ.

ಗಳಿಗೆ ಹತ್ತಿರ ಬಂದಾಗ ಇಗ್ಗುತ್ತಪ್ಪನನ್ನೂ, ಕಾವೇರಮ್ಮೆಯನ್ನೂ, ಒಕ್ಕದ ಮೂಲಪುರುಷನಾದ ಕಾರಣವನನ್ನೂ ನೆನೆಯುತ್ತಾರೆ. ಚಿಕ್ಕವರು ದೊಡ್ಡವರ ಕಾಲು ಮುಟ್ಟುತ್ತಾರೆ. ಕದಿರು ಕೊಯ್ಯುವವರ ಕೈಗೆ ಕುಡುಗೋಲು ಕೊಡುತ್ತಾರೆ. ಬಿದಿರಿನ ಕುಕ್ಕೆಯಲ್ಲಿ ನೆರೆ, ಹಾಲು, ಜೇನು ಇರುತ್ತದೆ. ಈ ಕುಕ್ಕೆಯನ್ನು ಹೆಣೆಯುವವರು ಮೇದರು, ಕುಡುಗೋಲು ಬಡಿಯುವವರು ಐರಿಗಳು. ಅವರ ಕೈಕೆಲಸ ಇಲ್ಲದೆ ಹಬ್ಬ ನಡೆಯುತ್ತಿರಲಿಲ್ಲ, ಸುಗ್ಗಿಯಲ್ಲಿ ಅವರ ಪಾಲು ಅವರಿಗೆ ಸಲ್ಲುತ್ತಿತ್ತು.

ಮೆರವಣಿಗೆಯ ಮುಂದೆ ತಳಿಯತಕ್ಕಿ ಬೊಳ್ಚ ಹಿಡಿದ ಹೆಂಗಸು. ಅಂದರೆ ಅಕ್ಕಿ ತುಂಬಿದ ತಟ್ಟೆಯಲ್ಲಿ ಉರಿಯುವ ದೀಪ. ಗಾಳಿಗೆ ದೀಪ ಆರದ ಹಾಗೆ ಅಂಗೈ ಅಡ್ಡ ಹಿಡಿದು, ಇಬ್ಬನಿ ಬಿದ್ದ ಬದುವಿನ ಮೇಲೆ ಹೆಜ್ಜೆ ನೋಡಿಕೊಂಡು ನಡೆಯಬೇಕು. ಗದ್ದೆಗೆ ಬಂದ ಮೇಲೆ ಭತ್ತದ ಬುಡಕ್ಕೆ ಹಾಲು, ಜೇನು ಎರೆಯುತ್ತಾರೆ. ಗಳಿಗೆ ಆಯಿತು ಅಂದ ಕೂಡಲೇ ಆಕಾಶಕ್ಕೆ ಗುಂಡು. ಕುಡುಗೋಲು ಕದಿರಿಗೆ ಬೀಳುತ್ತದೆ. ಎಲ್ಲರೂ ಒಟ್ಟಿಗೆ ಕೂಗುತ್ತಾರೆ: ಪೊಲಿ ಪೊಲಿ ದೇವಾ! ಹೆಚ್ಚಲಿ, ತುಂಬಿ ಬರಲಿ ದೇವರೇ ಅಂತ. ಪಕ್ಕದ ಗದ್ದೆಯಿಂದ, ಆಚೆ ಬೆಟ್ಟದ ತಪ್ಪಲಿನಿಂದ ಅದೇ ಕೂಗು, ಅದೇ ಗುಂಡಿನ ಸದ್ದು ಬರುತ್ತದೆ. ಇಡೀ ನಾಡಿಗೆ ಒಂದೇ ಗಳಿಗೆ ಕೊಟ್ಟಿದ್ದರ ಫಲ ಇದು.

ಕದಿರುಗಳನ್ನು ಬೆಸ ಸಂಖ್ಯೆಯಲ್ಲಿ ಕೊಯ್ಯುವುದು ವಾಡಿಕೆ. ಕೊಯ್ದ ಕದಿರನ್ನು ನೆರೆಯ ಜೊತೆ ಸೇರಿಸಿ, ಕೂಗು ನಿಲ್ಲಿಸದೆ ಮನೆ ಕಡೆ ಹೊರಡುತ್ತಾರೆ. ದಾರಿಯಲ್ಲಿ ಕಣಕ್ಕೆ ಹೋಗಿ ಅಲ್ಲಿ ಕಟ್ಟುತ್ತಾರೆ. ಆಮೇಲೆ ಬಾಗಿಲಿಗೆ, ನೆಲ್ಲಕ್ಕಿಯ ದೀಪಕ್ಕೆ, ಬೇಸಾಯದ ಸಾಮಾನಿಗೆ. ಈಗ ಜೀಪಿಗೆ, ಟ್ರ್ಯಾಕ್ಟರಿಗೆ, ಕಾರಿಗೂ ಕಟ್ಟುತ್ತಾರೆ. ಮುಂದಿನ ವಾರ ಕೊಡಗು ನೋಂದಣಿಯ ಕಾರಿನ ಮುಂಭಾಗದಲ್ಲಿ ಒಣಗಿದ ಎಲೆ ಮತ್ತು ತೆನೆ ಕಂಡರೆ ಏನಂತ ನಿಮಗೆ ಗೊತ್ತಾಗುತ್ತದೆ.

ಆಮೇಲೆ ಊಟ. ಹೊಸ ಭತ್ತದ ಕಾಳು ಸುಲಿದು ಪಾಯಸಕ್ಕೆ ಸೇರಿಸುತ್ತಾರೆ. ನಾಲ್ಕು ಕಾಳಾದರೂ ಸರಿ, ಈ ವರ್ಷದ್ದೇ ಆಗಬೇಕು. ಪುತ್ತರಿಗೇ ಮೀಸಲಾದ ತಿಂಡಿ ಅಂದರೆ ತಂಬುಟ್ಟು. ಹುರಿದ ಅಕ್ಕಿಯ ಹಿಟ್ಟಿಗೆ ಚೆನ್ನಾಗಿ ಕಳಿತ ಬಾಳೆಹಣ್ಣು ಹಾಕಿ ನಾದುತ್ತಾರೆ. ನೀರು ಹಾಕುವಂತಿಲ್ಲ, ಹಣ್ಣಿನ ತೇವವೇ ಸಾಕು. ಮೇಲೆ ತುಪ್ಪ, ತೆಂಗಿನತುರಿ, ಎಳ್ಳು. ಹಣ್ಣು ಅರೆಕಳಿತದ್ದಾದರೆ ತಂಬುಟ್ಟು ಒಗರು, ಗಂಟು ಗಂಟು. ಅದಕ್ಕೇ ಹಬ್ಬಕ್ಕೆ ಮುಂಚೆಯೇ ಗೊನೆ ಕಡಿದು ಹಣ್ಣಿಗೆ ಇಡುತ್ತಾರೆ. ಜೊತೆಗೆ ಪುತ್ತರಿ ಗೆಣಸು. ಬೇಯಿಸಿ, ಜೇನು ಅಥವಾ ಬೆಲ್ಲ, ತುಪ್ಪದ ಜೊತೆ ತಿನ್ನುವುದು.

## ಗುಂಡು ಹಾರಿಸುವುದು ಕಾನೂನಿಗೆ ಒಪ್ಪುತ್ತಾ

ಹೊಸಬರು ಗಾಬರಿಯಾಗಿ ಕೇಳುವ ಪ್ರಶ್ನೆ ಇದು. ಕೋವಿ ಕೊಡವರ ಮನೆಯಲ್ಲಿ ಪೂಜೆಯ ವಸ್ತು. ಬ್ರಿಟಿಷರ ಕಾಲದಿಂದಲೂ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರ ಅಕ್ಟೋಬರ್ 31ರ ತನಕ ಮುಂದುವರಿಸಿತು. ಇದನ್ನು ಪ್ರಶ್ನಿಸಿ ಹಾಕಿದ್ದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತು. ಪುತ್ತರಿಯಲ್ಲಿ ಗುಂಡು ಹಾರುವುದು ಆಕಾಶಕ್ಕೆ, ಕದಿರು ಕೊಯ್ಯುವ ಗಳಿಗೆಯ ಗುರುತಾಗಿ.

## ಮಾರನೇ ದಿನದಿಂದ ಮಂದ್

ಪುತ್ತರಿ ಒಂದು ರಾತ್ರಿಗೆ ಮುಗಿಯುವುದಿಲ್ಲ. ಮೊದಲ ರಾತ್ರಿ ಮನೆಯದು, ಆಮೇಲಿನ ದಿನಗಳು ಊರಿನವು.

ಮಂದ್ ಅಂದರೆ ಊರು ಸೇರುವ ಬಯಲು. ಹಸಿರು ಹುಲ್ಲಿನ, ಸುತ್ತ ದೊಡ್ಡ ಮರಗಳಿರುವ ಜಾಗ. ಕೇರಿಗೊಂದು, ಊರಿಗೊಂದು, ಹಲವು ಊರು ಸೇರಿದ ನಾಡಿಗೊಂದು ಮಂದ್ ಇರುತ್ತದೆ. ಇದು ದೇವಸ್ಥಾನದಷ್ಟೇ ಪವಿತ್ರ. ಚಪ್ಪಲಿ ಹಾಕಿಕೊಂಡು ಒಳಗೆ ಕಾಲಿಡುವಂತಿಲ್ಲ. ಇಲ್ಲಿ ಗಂಡಸರು ಸುತ್ತು ನಿಂತು, ಎರಡು ಕೈಯಲ್ಲೂ ತೆಳು ಬೆತ್ತ ಹಿಡಿದು ಕೋಲಾಟ ಆಡುತ್ತಾರೆ. ದುಡಿಯ ಬಡಿತ ನಿಧಾನಕ್ಕೆ ಶುರುವಾಗಿ ಬಿರುಸಾಗುತ್ತದೆ, ಹೆಜ್ಜೆಯೂ ಹಾಗೇ. ಮೊದಲು ಊರಿನ ಮಂದ್, ಆಮೇಲೆ ನಾಡಿನ ಮಂದ್. ಮಡಿಕೇರಿಯಲ್ಲಿ ಪುತ್ತರಿ ಕೋಲಾಟ ನಡೆಯುವುದು ಕೋಟೆಯ ಆವರಣದಲ್ಲಿ.

ಕೋಲಾಟದ ಜೊತೆಗೆ ಪರೆಯ ಕಳಿ ಅನ್ನುವ ಆಟವೂ ಇದೆ. ಇಬ್ಬರು ಎದುರುಬದುರು. ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಬೆತ್ತ. ಮಂಡಿಯ ಕೆಳಗೆ ಮಾತ್ರ ಹೊಡೆಯಬೇಕು. ಬಾಸುಂಡೆ ಬರುವ ಹಾಗೆ ಬೀಳುತ್ತವೆ, ಆದರೂ ಆಟ ಮುಗಿದ ಮೇಲೆ ಇಬ್ಬರೂ ತಬ್ಬಿಕೊಳ್ಳಬೇಕು. ಊರೊಳಗಿನ ಬಿಗುಮಾನವನ್ನು ಎಲ್ಲರ ಕಣ್ಣೆದುರು, ನಿಯಮದೊಳಗೆ ಇಳಿಸಿಬಿಡುವ ಉಪಾಯ ಇದು ಅಂತ ನನಗೆ ಅನಿಸುತ್ತದೆ.

ದುಡಿ ಹಿಡಿದು ಮನೆ ಮನೆಗೆ ಹೋಗಿ ಹಾಡುವ ಪದ್ಧತಿಯೂ ಉಂಟು. ಹಾಡುವವರು ಆ ಮನೆಯನ್ನೂ, ಮನೆಯ ಹಿರಿಯರನ್ನೂ ಹೊಗಳಿ ಒಳ್ಳೆಯದಾಗಲಿ ಅನ್ನುತ್ತಾರೆ. ಈ ಹಾಡುಗಳು ಬಾಯಿಂದ ಬಾಯಿಗೆ ಬಂದಂಥವು. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಸುತ್ತಿ ಹಾಡು, ಆಚಾರಗಳನ್ನು ಸಂಗ್ರಹಿಸಿ 1924ರಲ್ಲಿ ಪಟ್ಟೋಲೆ ಪಳಮೆ ಹೆಸರಿನಲ್ಲಿ ಅಚ್ಚು ಹಾಕಿಸಿದರು. ಹಬ್ಬದ ವಿಧಿಯ ಬಗ್ಗೆ ಅನುಮಾನ ಬಂದರೆ ಹಿರಿಯರು ಈಗಲೂ ತೆಗೆದು ನೋಡುವುದು ಆ ಪುಸ್ತಕವನ್ನೇ.

## ಗದ್ದೆಯೇ ಇಲ್ಲದವರ ಪುತ್ತರಿ

ಕೊಡಗು ಈಗ ಕಾಫಿ ಸೀಮೆ. ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಇಲ್ಲಿಯದು. ಭತ್ತಕ್ಕೆ ಖರ್ಚು ಜಾಸ್ತಿ, ಆಳು ಸಿಗುವುದಿಲ್ಲ, ಕಾಡುಹಂದಿ, ಆನೆ ಕಾಟ ಬೇರೆ. ಹಬ್ಬದ ಹೊತ್ತಿಗೇ ಅರೇಬಿಕಾ ಹಣ್ಣಾಗಿ ಕೊಯ್ಲಿಗೆ ಬರುವುದರಿಂದ ಇರುವ ಆಳುಗಳೂ ತೋಟಕ್ಕೆ ಹೋಗುತ್ತಾರೆ. ಹಾಗಾಗಿ ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ, ಕೆಲವು ತೋಟವಾಗಿವೆ, ಕೆಲವು ಲೇಔಟ್ ಆಗಿವೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮಡಿಕೇರಿ ಸುತ್ತಲಿನ ಹಲವು ಊರುಗಳ ಗದ್ದೆಗಳ ಮೇಲೆ ಮಣ್ಣು, ಮರಳು ಬಂದು ಕೂತಿತು.

ಗದ್ದೆ ಇಲ್ಲದವರು ಏನು ಮಾಡುತ್ತಾರೆ? ಕೆಲವರು ನೆಂಟರ ಗದ್ದೆಗೆ ಹೋಗುತ್ತಾರೆ. ಪೇಟೆಗಳಲ್ಲಿ ಕೊಡವ ಸಮಾಜಗಳು ಒಟ್ಟಿಗೆ ಕದಿರು ತೆಗೆಯುವ ಏರ್ಪಾಡು ಮಾಡುತ್ತವೆ. ಕೆಲವು ಮನೆಯವರು ಹಬ್ಬಕ್ಕೆ ಬೇಕು ಅಂತಲೇ ಅಂಗಳದ ಮೂಲೆಯಲ್ಲಿ, ಇಲ್ಲವೇ ಕುಂಡದಲ್ಲಿ ನಾಲ್ಕು ಬುಡ ಭತ್ತ ಬೆಳೆಸುತ್ತಾರೆ. ಹಬ್ಬ ಉಳಿಯಿತು ಅಂತ ಸಮಾಧಾನ ಆಗುತ್ತದೆ ನಿಜ. ಆದರೆ ಕುಂಡದ ಭತ್ತ ಗದ್ದೆಯ ಕೆಲಸ ಮಾಡುವುದಿಲ್ಲ. ಮಳೆಗಾಲದಲ್ಲಿ ನೀರು ನಿಲ್ಲಿಸಿ ನೆಲಕ್ಕೆ ಇಂಗಿಸುವುದು ಗದ್ದೆ. ಗದ್ದೆ ಹೋದರೆ ಬೇಸಿಗೆಯಲ್ಲಿ ತೋಡು, ಬಾವಿ ಬೇಗ ಬತ್ತುತ್ತವೆ. ಪುತ್ತರಿ ಬಗ್ಗೆ ಮಾತಾಡುವಾಗ ಇದನ್ನು ಬಿಟ್ಟು ಮಾತಾಡಲು ನನಗೆ ಮನಸ್ಸು ಬರುವುದಿಲ್ಲ.

## ಕರೆದರೆ ಹೋಗುವವರಿಗೆ

ಪುತ್ತರಿಗೆ ಯಾರಾದರೂ ಕರೆದರೆ ಸುಮ್ನೆ ಹೋಗಿ, ಸಂಕೋಚ ಬೇಡ. ಊಟದ ಹೊತ್ತಿಗೆ ಹೋದರೆ ಸಾಕು ಅಂದುಕೊಳ್ಳದೆ ನೆರೆ ಕಟ್ಟುವ ಹೊತ್ತಿಗೇ ತಲುಪಿ. ಎಲೆ ಜೋಡಿಸಲು ಕೂತರೆ ಜಾಗ ಮಾಡಿಕೊಡುತ್ತಾರೆ. ಬದುವಿನ ಮೇಲೆ ಇಬ್ಬನಿಗೆ ಜಾರುತ್ತದೆ, ಕಾಲು ನೋಡಿ ಇಡಿ. ಕೋವಿ ಹಿಡಿದವರ ಹಿಂದೆಯೇ ನಿಲ್ಲಿ. ದೀಪ ಹಿಡಿದವರ ಮುಖಕ್ಕೆ ಫೋನಿನ ಬೆಳಕು ಬಿಡಬೇಡಿ, ಅವರಿಗೆ ದಾರಿ ಕಾಣುವುದಿಲ್ಲ. ಮಾರನೇ ದಿನ ಕೋಲಾಟ ನೋಡಲು ಹೋದರೆ ಚಪ್ಪಲಿಯನ್ನು ಮಂದ್‌ನ ಹೊರಗೇ ಬಿಡಿ. ಯಾರದೋ ಗದ್ದೆಯಲ್ಲಿ ಫೋಟೋಗೆ ಅಂತ ತೆನೆ ಕಿತ್ತುಕೊಳ್ಳಬೇಡಿ. ಬೇಕಿದ್ದರೆ ಮನೆಯವರನ್ನು ಕೇಳಿ, ನೆರೆ ಕಟ್ಟಿದ ಒಂದು ಕದಿರು ಅವರೇ ಕೊಡುತ್ತಾರೆ.